ಹವ್ಯಾಸಿಯ ಲೆನ್ಸ್: ಆಯ್ಕೆಯ ಇತಿಹಾಸ

ಛಾಯಾಗ್ರಹಣ ಹುಟ್ಟಿದ ವರ್ಷ ಲೆನ್ಸ್ ಆರಿಸುವ ಪ್ರಶ್ನೆಯೇ ಇರಲಿಲ್ಲ. 1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೆರ್ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದಾಗ ಮಾರಾಟಕ್ಕೆ ಬಂದ ಮರದ ಪೆಟ್ಟಿಗೆಗೆ ಷಾರ್ಲ್ ಷೆವಾಲಿಯೆ ತಯಾರಿಸಿದ ಒಂದೇ ಲೆನ್ಸ್ ಇತ್ತು. ಕಟ್ಟಡ, ಬೀದಿ, ಬೆಟ್ಟಗಳಿಗೆ ಅದು ಸಾಕಾಗುತ್ತಿತ್ತು, ಮನುಷ್ಯರ ಮುಖಕ್ಕಲ್ಲ. ಸುಮಾರು ಎಫ್/15ರಷ್ಟು ಕಿರಿದಾದ ಅದರ ಕಿಂಡಿಯಿಂದ ಬರುವ ಬೆಳಕು ಸಾಲದೆ, ಒಳ್ಳೆಯ ಬಿಸಿಲಿನಲ್ಲೂ ಹಲವು ನಿಮಿಷ ತೆರೆದಿಡಬೇಕಾಗಿತ್ತು. ಅಷ್ಟು ಹೊತ್ತು ಕದಲದೆ ಕೂರುವುದು ಯಾರಿಂದಲೂ ಆಗದ ಕೆಲಸ.

ಲೆನ್ಸಿನ ಫೋಕಲ್ ಲೆಂಗ್ತನ್ನು ಬೆಳಕು ಹಾಯುವ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಸಿಗುವುದೇ ಎಫ್ ಸಂಖ್ಯೆ. ಸಂಖ್ಯೆ ಇಳಿದಷ್ಟೂ ಬೆಳಕು ಹೆಚ್ಚು; ಗಾಜು, ತೂಕ, ಬೆಲೆಗಳೂ ಹೆಚ್ಚು. 50 ಮಿ.ಮೀ. ಎಫ್/2 ಲೆನ್ಸಿಗೆ 25 ಮಿ.ಮೀ. ಕಿಂಡಿ ಸಾಕು. 600 ಮಿ.ಮೀ. ಎಫ್/4 ಲೆನ್ಸಿಗೆ 150 ಮಿ.ಮೀ. ಬೇಕು, ಅಂದರೆ ಊಟದ ತಟ್ಟೆಯಷ್ಟಲ್ಲದಿದ್ದರೂ ಒಂದು ಬಟ್ಟಲಿನಷ್ಟು ಅಗಲದ ಗಾಜು. ಹವ್ಯಾಸಿಗಳ ಲೆನ್ಸ್ ಆಯ್ಕೆಯನ್ನು ಇಂದಿಗೂ ಆಳುತ್ತಿರುವುದು ಈ ಲೆಕ್ಕವೇ. ಇದರ ಪಕ್ಕದಲ್ಲಿ ಅಷ್ಟೇ ಬಲವಾದ, ಆದರೆ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಅಂಶವಿದೆ: ಲೆನ್ಸನ್ನು ಕ್ಯಾಮೆರಾಗೆ ಜೋಡಿಸುವ ಲೋಹದ ಬಳೆ, ಅಂದರೆ ಮೌಂಟ್. ಮೊದಲ ಲೆನ್ಸನ್ನು ಹವ್ಯಾಸಿ ಕಣ್ಣಿಗೆ ಒಪ್ಪಿದಂತೆ ಆರಿಸಬಹುದು. ಮುಂದಿನವುಗಳನ್ನು ಬಹುಮಟ್ಟಿಗೆ ಮೌಂಟೇ ಆರಿಸುತ್ತದೆ.

ಒಂದು ಕೆಲಸಕ್ಕೆ ಒಂದು ಲೆನ್ಸ್

ಮುಖದ ಚಿತ್ರಕ್ಕೆ ಬೇಕಾದ ಬೆಳಕನ್ನು ಒದಗಿಸಿದವನು ವಿಯೆನ್ನಾದ ಗಣಿತಜ್ಞ ಯೋಸೆಫ್ ಪೆಟ್ಸ್‌ವಾಲ್. 1840ರಲ್ಲಿ ಅವನು ಲೆಕ್ಕ ಹಾಕಿ ರೂಪಿಸಿದ, ಫೋಯ್ಕ್ಟ್‌ಲೆಂಡರ್ ಸಂಸ್ಥೆ ತಯಾರಿಸಿದ ಪೋರ್ಟ್ರೇಟ್ ಲೆನ್ಸಿನ ಎಫ್ ಸಂಖ್ಯೆ ಸುಮಾರು 3.6. ಷೆವಾಲಿಯೆಯ ಲೆನ್ಸಿಗಿಂತ ಇದು ಹದಿನಾರು ಪಟ್ಟಿಗೂ ಮಿಕ್ಕಿ ಬೆಳಕನ್ನು ಒಳಬಿಡುತ್ತಿತ್ತು. ಚಿತ್ರದ ನಡುಭಾಗ ಚೊಕ್ಕವಾಗಿ, ಅಂಚುಗಳು ಮಸುಕಾಗಿ ಬರುತ್ತಿದ್ದವು. ಮುಖಕ್ಕೆ ಅದು ಅಡ್ಡಿಯಾಗಲಿಲ್ಲ, ಕಟ್ಟಡಕ್ಕೆ ಮಾತ್ರ ಒಗ್ಗಲಿಲ್ಲ. ಹೀಗೆ ಮುಖಕ್ಕೊಂದು, ನೋಟಕ್ಕೊಂದು ಎಂದು ಲೆನ್ಸ್ ಎರಡಾಯಿತು. 1866ರಲ್ಲಿ ಇಂಗ್ಲೆಂಡಿನ ಡಾಲ್‌ಮೇಯರ್ ಮತ್ತು ಜರ್ಮನಿಯ ಸ್ಟೈನ್‌ಹೈಲ್, ಒಬ್ಬರಿಗೊಬ್ಬರು ತಿಳಿಯದೆ, ಗೋಡೆ-ಕಂಬಗಳ ಗೆರೆಗಳನ್ನು ಬಾಗಿಸದ ಎಫ್/8ರ ಸುಮಾರಿನ ಲೆನ್ಸುಗಳನ್ನು ಹೊರತಂದರು. ಸಾಮಾನ್ಯ ಬಳಕೆಗೆ ಒಂದೇ ಲೆನ್ಸ್ ಸಾಕು ಎನ್ನುವ ಸ್ಥಿತಿ ಮತ್ತೆ ಬಂತು.

ಭಾರತದಲ್ಲಿ ಹವ್ಯಾಸಿಗಳು ಸಂಘ ಕಟ್ಟಿಕೊಂಡದ್ದು ಬಲುಬೇಗ: ಮುಂಬಯಿಯಲ್ಲಿ 1854ರಲ್ಲಿ, ಕಲ್ಕತ್ತ ಮತ್ತು ಮದರಾಸಿನಲ್ಲಿ 1856ರಲ್ಲಿ. ಸದಸ್ಯರಲ್ಲಿ ಹೆಚ್ಚಿನವರು ಅಧಿಕಾರಿಗಳು, ವೈದ್ಯರು, ಅನುಕೂಲಸ್ಥರು. ಗಾಜಿನ ಫಲಕಕ್ಕೆ ರಾಸಾಯನಿಕ ಹಚ್ಚಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿದ್ದ ಕಾಲವದು. ಕ್ಯಾಮೆರಾದ ಹಿಂದೆ ಡೇರೆ, ಸೀಸೆಗಳು, ನೀರು, ಆಳುಗಳು ಹೊರಡಬೇಕಿದ್ದಾಗ ಲೆನ್ಸಿನ ಬಗೆಗಿನ ಚರ್ಚೆ ಹಿಂದೆ ಬೀಳುವುದು ಸಹಜ. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯ ಜೆಲಟಿನ್ ಬಳಸಿ ಒಣ ಫಲಕದ ದಾರಿ ತೋರಿಸಿದ. ಮುಂದಿನ ದಶಕದಲ್ಲಿ ಅದು ಅಂಗಡಿಯಲ್ಲಿ ಸಿದ್ಧವಾಗಿ ಸಿಗತೊಡಗಿತು. ಕ್ಯಾಮೆರಾ ಸ್ಟ್ಯಾಂಡಿನಿಂದ ಇಳಿದು ಕೈಗೆ ಬಂತು.

ಆರಿಸದವರು, ಆರಿಸುವವರು

1888ರ ಕೊಡಾಕ್ ಕ್ಯಾಮೆರಾ ಹವ್ಯಾಸಿಗಳನ್ನು ಎರಡು ಪಂಗಡ ಮಾಡಿತು. 25 ಡಾಲರ್ ಕೊಟ್ಟರೆ ನೂರು ಚಿತ್ರಗಳ ರೋಲು ತುಂಬಿದ ಪೆಟ್ಟಿಗೆ ಸಿಗುತ್ತಿತ್ತು. ರೋಲು ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಂಪನಿಗೆ ಕಳುಹಿಸಿ 10 ಡಾಲರ್ ತೆತ್ತರೆ ಪ್ರಿಂಟುಗಳೂ ಹೊಸ ರೋಲೂ ಮರಳಿ ಬರುತ್ತಿದ್ದವು. ಅದರ ಲೆನ್ಸಿಗೆ ಫೋಕಸ್ ಇಲ್ಲ, ಕಿಂಡಿ ಹಿರಿದು ಕಿರಿದು ಮಾಡುವ ತಿರುಪಿಲ್ಲ. 1900ರಲ್ಲಿ ಒಂದೇ ಡಾಲರಿನ ಬ್ರೌನಿ ಬಂದು ಇದನ್ನು ಮಕ್ಕಳಿಗೂ ಎಟುಕಿಸಿತು. ಈ ಪಂಗಡದವರಿಗೆ ಲೆನ್ಸ್ ಎನ್ನುವುದು ಯೋಚಿಸಬೇಕಾದ ವಿಷಯವೇ ಆಗಿರಲಿಲ್ಲ.

ಇನ್ನೊಂದು ಪಂಗಡದ ಹಸಿವನ್ನು ತಣಿಸಿದ್ದು ಜರ್ಮನಿಯ ಯೆನಾ ಊರು. ಅಲ್ಲಿ ಓಟೊ ಶಾಟ್ ಮತ್ತು ಅರ್ನ್‌ಸ್ಟ್ ಅಬ್ಬೆ 1880ರ ದಶಕದಲ್ಲಿ ಹೊಸ ಬಗೆಯ ಗಾಜುಗಳನ್ನು ಕುಲುಮೆಯಿಂದ ತೆಗೆದರು. ಹಳೆಯ ಗಾಜಿನಲ್ಲಿ ಲೆನ್ಸಿನ ಒಂದು ದೋಷ ತಿದ್ದಿದರೆ ಇನ್ನೊಂದು ತಲೆ ಎತ್ತುತ್ತಿತ್ತು. ಹೊಸ ಗಾಜಿನಿಂದ ಹಲವು ದೋಷಗಳನ್ನು ಒಟ್ಟಿಗೆ ತಿದ್ದಲು ಸಾಧ್ಯವಾಯಿತು. ಝೈಸ್ ಸಂಸ್ಥೆಯ ಪಾಲ್ ರುಡಾಲ್ಫ್ 1890ರಲ್ಲಿ ಅಂಚಿನವರೆಗೂ ಚೊಕ್ಕವಾಗಿ ಮೂಡಿಸುವ ಲೆನ್ಸನ್ನು ರೂಪಿಸಿದ. 1893ರಲ್ಲಿ ಇಂಗ್ಲೆಂಡಿನ ಡೆನ್ನಿಸ್ ಟೇಲರ್ ಅದೇ ಕೆಲಸವನ್ನು ಬರೀ ಮೂರು ಗಾಜಿನಲ್ಲಿ ಮಾಡಿ ತೋರಿಸಿದ. 1902ರಲ್ಲಿ ರುಡಾಲ್ಫನ ನಾಲ್ಕು ಗಾಜಿನ ಟೆಸ್ಸಾರ್ ಬಂತು. ಕಡಿಮೆ ಗಾಜು, ಕಡಿಮೆ ಬೆಲೆ, ಒಳ್ಳೆಯ ಚಿತ್ರ ಎಂಬ ಮೂರೂ ಕೂಡಿದ್ದರಿಂದ ಟೆಸ್ಸಾರ್ ಮಾದರಿಯ ಲೆನ್ಸುಗಳು ದಶಕಗಟ್ಟಲೆ ಮಧ್ಯಮ ಬೆಲೆಯ ಕ್ಯಾಮೆರಾಗಳ ಮುಂದೆ ಕುಳಿತವು.

ಐವತ್ತು ಎಂಬ ರೂಢಿ, ಸೊನ್ನೆ ಎಂಬ ಗುರುತು

ಇಂದಿನ ಅರ್ಥದ ಲೆನ್ಸ್ ಆಯ್ಕೆ ಆರಂಭವಾದದ್ದು ಲೈಕಾದಿಂದ. ಓಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮನ್ನು ಅಡ್ಡಡ್ಡ ಹಾಯಿಸಿ 24×36 ಮಿ.ಮೀ. ಚೌಕಟ್ಟನ್ನು ಪಡೆದ. ಅವನ ಕ್ಯಾಮೆರಾ 1925ರ ಲೈಪ್‌ಜಿಗ್ ಮೇಳದಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಮೇಲಿದ್ದದ್ದು ಮ್ಯಾಕ್ಸ್ ಬೆರೆಕ್ ರೂಪಿಸಿದ 50 ಮಿ.ಮೀ. ಎಫ್/3.5 ಲೆನ್ಸ್. ಕ್ಯಾಮೆರಾ ಜೇಬಿಗೆ ಹೋಗಲೆಂದು ಲೆನ್ಸಿನ ಕೊಳವೆ ಒಳಕ್ಕೆ ಜಾರುತ್ತಿತ್ತು. ಚಿತ್ರ ತೆಗೆಯುವ ಮುನ್ನ ಅದನ್ನು ಎಳೆದು, ಒಂದಿಷ್ಟು ತಿರುಗಿಸಿ ಬಿಗಿ ಮಾಡಬೇಕು; ಮರೆತರೆ ಇಡೀ ರೋಲು ಮಸುಕು. ಈ ಚೌಕಟ್ಟಿನ ಕರ್ಣ ಸುಮಾರು 43 ಮಿ.ಮೀ. ಫೋಕಲ್ ಲೆಂಗ್ತ್ ಕರ್ಣದಷ್ಟಿದ್ದರೆ ನೋಟ ಸಹಜ ಎನ್ನುವುದು ವಾಡಿಕೆ; ಆದ್ದರಿಂದ ಸಹಜ ನೋಟಕ್ಕೆ 43ರ ಲೆನ್ಸೇ ಹೆಚ್ಚು ಹತ್ತಿರ. ಆದರೂ ಲೈಕಾದ 50 ಮಿ.ಮೀ. ಇತರರಿಗೂ ಮಾದರಿಯಾಗಿ 'ನಾರ್ಮಲ್ ಲೆನ್ಸ್' ಎಂದೇ ನೆಲೆಯೂರಿತು. ಮನುಷ್ಯನ ಕಣ್ಣಿಗೆ ಸಮನಾದದ್ದು ಐವತ್ತು ಎಂಬ ನಂಬಿಕೆಯ ಹಿಂದೆ ಕಣ್ಣಿಗಿಂತ ಈ ಕ್ಯಾಮೆರಾದ ಪಾಲು ದೊಡ್ಡದು.

1930ರಲ್ಲಿ ಲೈಕಾದ ಲೆನ್ಸನ್ನು ತಿರುಪಿ ಬಿಚ್ಚಿ ಬೇರೊಂದನ್ನು ಹಾಕುವ ಅನುಕೂಲ ಬಂತು. ಮೊದಮೊದಲಿಗೆ ಪ್ರತಿ ಲೆನ್ಸನ್ನೂ ಆಯಾ ಕ್ಯಾಮೆರಾಗೆ ಹೊಂದಿಸಿ ಕೊಡಬೇಕಿತ್ತು. ಒಂದು ಕ್ಯಾಮೆರಾದ ಲೆನ್ಸ್ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. 1931ರಲ್ಲಿ ಮೌಂಟಿನಿಂದ ಫಿಲ್ಮಿನವರೆಗಿನ ದೂರವನ್ನು 28.8 ಮಿ.ಮೀ. ಎಂದು ಗೊತ್ತುಮಾಡಿ, ಹಾಗೆ ಅಣಿಗೊಳಿಸಿದ ಕ್ಯಾಮೆರಾಗಳ ಮೌಂಟಿನ ಮೇಲೆ '0' ಎಂದು ಕೆತ್ತಿದರು. ಆ ಪುಟ್ಟ ಸೊನ್ನೆ ಇದ್ದ ಯಾವ ಕ್ಯಾಮೆರಾಗಾದರೂ 35, 50, 90, 135 ಮಿ.ಮೀ.ಗಳಲ್ಲಿ ಯಾವುದನ್ನಾದರೂ ತೊಡಿಸಬಹುದಾಯಿತು. ಹವ್ಯಾಸಿಯ ಚೀಲದ ಕಲ್ಪನೆ ಹುಟ್ಟಿದ್ದು ಇಲ್ಲಿ. 1932ರಲ್ಲಿ ಝೈಸ್ ಐಕಾನ್ ಸಂಸ್ಥೆ ಕಾಂಟ್ಯಾಕ್ಸ್ ಕ್ಯಾಮೆರಾವನ್ನು ಬೇರೆಯದೇ ಬಯೋನೆಟ್ ಮೌಂಟಿನೊಂದಿಗೆ ತಂದಿತು. ತಿರುಪಿಗಿಂತ ಅದು ಬೇಗ ಬಿಚ್ಚುತ್ತಿತ್ತು, ಆದರೆ ಲೈಕಾದ ಲೆನ್ಸ್ ಅದಕ್ಕೆ ಹತ್ತುತ್ತಿರಲಿಲ್ಲ. ಎರಡು ಮನೆಗಳ ನಡುವೆ ಒಂದನ್ನು ಆರಿಸಿಕೊಳ್ಳುವ ಪಾಡು ಅಂದಿನಿಂದ ಹವ್ಯಾಸಿಗಳ ಬೆನ್ನು ಬಿಟ್ಟಿಲ್ಲ.

ತೆರೆದ ಮೌಂಟಿನ ಲಾಭ 1950ರಲ್ಲಿ ಎದ್ದು ಕಂಡಿತು. ಕೊರಿಯಾ ಯುದ್ಧವನ್ನು ಸೆರೆಹಿಡಿಯುತ್ತಿದ್ದ 'ಲೈಫ್' ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ತನ್ನ ಲೈಕಾಗಳಿಗೆ ಜಪಾನಿನ ನಿಕ್ಕೋರ್ ಲೆನ್ಸುಗಳನ್ನು ಹಾಕಿದ. ತಿರುಪಿನ ಅಳತೆ ಒಂದೇ ಆಗಿದ್ದರಿಂದ ಅದು ಸಾಧ್ಯವಾಯಿತು. ಚಿತ್ರಗಳ ಗುಣಮಟ್ಟ ಅಮೆರಿಕದಲ್ಲಿ ಸುದ್ದಿಯಾಗಿ, ಜಪಾನಿನ ಲೆನ್ಸ್ ಎಂದರೆ ಅಗ್ಗದ ನಕಲು ಎಂಬ ಅಭಿಪ್ರಾಯ ಕರಗಿತು.

ಎಸ್‌ಎಲ್‌ಆರ್ ಮತ್ತು ಮೂರು ಲೆನ್ಸಿನ ಚೀಲ

ಲೈಕಾದಂಥ ಕ್ಯಾಮೆರಾಗಳಲ್ಲಿ ಲೆನ್ಸ್ ಕಾಣುವುದು ಬೇರೆ, ಕಣ್ಣು ಕಾಣುವುದು ಬೇರೆ. ಲೆನ್ಸ್ ಬದಲಿಸಿದರೆ ಅದರ ನೋಟಕ್ಕೆ ತಕ್ಕ ಇನ್ನೊಂದು ವ್ಯೂಫೈಂಡರನ್ನು ಮೇಲೆ ಸಿಕ್ಕಿಸಬೇಕಾಗಿತ್ತು, 135 ಮಿ.ಮೀ. ದಾಟಿದರೆ ಫೋಕಸ್ ನಂಬುವಂತಿರಲಿಲ್ಲ. ಒಳಗಿನ ಕನ್ನಡಿಯ ಮೂಲಕ ಲೆನ್ಸ್ ಕಂಡದ್ದನ್ನೇ ಕಣ್ಣಿಗೂ ತೋರಿಸುವ ಎಸ್‌ಎಲ್‌ಆರ್ ಈ ತೊಡಕನ್ನು ಬಿಡಿಸಿತು. 1936ರ ಎಕ್ಸಾಕ್ಟ, 1949ರ ಕಾಂಟ್ಯಾಕ್ಸ್ ಎಸ್, 1957ರ ಅಸಾಹಿ ಪೆಂಟ್ಯಾಕ್ಸ್, 1959ರ ನಿಕಾನ್ ಎಫ್ ಈ ದಾರಿಯ ಮೈಲಿಗಲ್ಲುಗಳು. ದೂರದ ಹಕ್ಕಿ, ಹತ್ತಿರದ ಕೀಟ ಎರಡೂ ಹವ್ಯಾಸಿಯ ಅಳವಿಗೆ ಬಂದವು.

ಅಗಲ ನೋಟಕ್ಕೆ 28 ಅಥವಾ 35ರ ವೈಡ್, 50ರ ನಾರ್ಮಲ್, ದೂರದ್ದಕ್ಕೆ 135ರ ಟೆಲಿ ಎಂಬ ಮೂರು ಲೆನ್ಸಿನ ಚೀಲ ಜಗತ್ತಿನೆಲ್ಲೆಡೆ ರೂಢಿಯಾದದ್ದು ಈ ಕಾಲದಲ್ಲಿ. ಬೆಲೆಯನ್ನು ಇಳಿಸಿದವರು ಕ್ಯಾಮೆರಾ ಮಾಡದೆ ಲೆನ್ಸ್ ಮಾತ್ರ ಮಾಡುತ್ತಿದ್ದ ಕಂಪನಿಗಳವರು. ಲೆನ್ಸ್ ಒಂದೇ ಇಟ್ಟು ಹಿಂದಿನ ಬಳೆಯನ್ನಷ್ಟೇ ಬದಲಿಸಿ ಬೇರೆ ಬೇರೆ ಕ್ಯಾಮೆರಾಗಳಿಗೆ ಕೂರಿಸುವ ಟಿ-ಮೌಂಟನ್ನು ಟ್ಯಾಮ್ರಾನ್ 1957ರಲ್ಲಿ ತಂದಿತು.

ಭಾರತದ ಹವ್ಯಾಸಿ, ಕರ್ನಾಟಕದ ಕಾಡು

ಸ್ವಾತಂತ್ರ್ಯಾನಂತರದ ಭಾರತದಲ್ಲಿ ಈ ಚೀಲ ದುಬಾರಿ ಕನಸಾಗಿತ್ತು. ಆಮದಿಗೆ ಕಟ್ಟುಪಾಡು, ಸುಂಕ ಭಾರಿ. ಹೆಚ್ಚಿನ ಮನೆಗಳಿಗೆ ಬಂದದ್ದು ಭಾರತದಲ್ಲೇ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್-3. 120 ರೋಲಿನಲ್ಲಿ ಹನ್ನೆರಡು ಚೌಕ ಚಿತ್ರ ಕೊಡುತ್ತಿದ್ದ ಆ ಕ್ಯಾಮೆರಾದಲ್ಲಿ ಕಿಂಡಿಯ ಆಯ್ಕೆ ಎಂದರೆ ಬಿಸಿಲು ಮತ್ತು ಮೋಡದ ಎರಡು ಗುರುತು. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮ್ 1960ರ ದಶಕದ ಕೊನೆಯಿಂದ ಕಪ್ಪು-ಬಿಳುಪಿನ ಖರ್ಚನ್ನು ತಗ್ಗಿಸಿತು. ಲೆನ್ಸಿಗೆ ಅಂಥ ದೇಶೀ ದಾರಿ ತೆರೆಯಲಿಲ್ಲ. ವಿದೇಶದಿಂದ ಬರುವ ನೆಂಟರು, ಸೆಕೆಂಡ್‌ಹ್ಯಾಂಡ್ ಅಂಗಡಿ, ಸಂಘದ ಹಿರಿಯರಿಂದ ಎರವಲು, ಇವೇ ಗತಿ. ಅಂಥ ಸಂಘಗಳು ಬೆಂಗಳೂರಿನಲ್ಲಿ ಬಲವಾಗಿದ್ದವು: 1932ರ ಮೈಸೂರು ಫೋಟೋಗ್ರಾಫಿಕ್ ಸೊಸೈಟಿ, 1971ರ ಯೂತ್ ಫೋಟೋಗ್ರಾಫಿಕ್ ಸೊಸೈಟಿ.

ಉದ್ದ ಲೆನ್ಸ್ ಇಲ್ಲದ ಕೊರತೆಯನ್ನು ಕಾಡಿನ ಛಾಯಾಗ್ರಾಹಕರು ಹತ್ತಿರ ಹೋಗುವ ಉಪಾಯದಿಂದ ತುಂಬಿಕೊಂಡರು. ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿ ಉತ್ತರ ಭಾರತದ ಕಾಡುದಾರಿಗಳಲ್ಲಿ ತಂತಿ ಕಟ್ಟಿ, ಹುಲಿಯ ಕಾಲು ತಗಲಿದೊಡನೆ ಫ್ಲ್ಯಾಶ್ ಹೊತ್ತಿ ಚಿತ್ರ ಮೂಡುವಂತೆ ಮಾಡಿದ್ದ. ಹಕ್ಕಿಗಳಿಗೆ ಮರೆ ಕಟ್ಟಿ ಒಳಗೆ ಗಂಟೆಗಟ್ಟಲೆ ಕೂರುವುದು ರೂಢಿಯಾಗಿತ್ತು. ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್ ಅವರ ಬಳಿ ಪಳಗಿದ ಟಿ. ಎನ್. ಎ. ಪೆರುಮಾಳ್, ಅವರ ಸಮಕಾಲೀನ ಇ. ಹನುಮಂತರಾವ್, ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ, ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಫಿಲ್ಮ್ ಯುಗದಲ್ಲಿ ಬೆಳೆದವರು. ಆ ಯುಗದಲ್ಲಿ ಪ್ರಾಣಿಯ ನಡೆ ಬಲ್ಲವರಿಗೆ ಮಾತ್ರ ಚಿತ್ರ ದಕ್ಕುತ್ತಿತ್ತು. ಉದ್ದ ಲೆನ್ಸುಗಳು ಕೈಗೆಟುಕಿದ ಮೇಲೆ ಗೂಡಿನ ಬಳಿ ಮರೆ ಕಟ್ಟುವ ಪದ್ಧತಿ ಹಿಂದೆ ಸರಿಯಿತು. ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಈಗ ಸ್ವೀಕರಿಸುವುದೇ ಇಲ್ಲ.

ಆಟೋಫೋಕಸ್, ಜೂಮ್, ಡಿಜಿಟಲ್

1985ರಲ್ಲಿ ಮಿನೋಲ್ಟಾ 7000 ಆಟೋಫೋಕಸ್ ಎಸ್‌ಎಲ್‌ಆರನ್ನು ಜನರ ಕೈಗೆ ಕೊಟ್ಟಿತು, ಜೊತೆಗೆ ತನ್ನ ಹಳೆಯ ಮೌಂಟನ್ನು ಕೈಬಿಟ್ಟಿತು. 1987ರಲ್ಲಿ ಕ್ಯಾನನ್ ಕೂಡ ಇಒಎಸ್‌ಗಾಗಿ ಹಾಗೆಯೇ ಮಾಡಿತು. ಈ ಎರಡು ಕಂಪನಿಗಳ ಹಳೆಯ ಲೆನ್ಸುಗಳನ್ನು ಕೂಡಿಟ್ಟಿದ್ದವರಿಗೆ ಹೊಸ ಕ್ಯಾಮೆರಾ ಎಂದರೆ ಚೀಲವನ್ನೇ ಹೊಸದು ಮಾಡುವುದಾಯಿತು. ನಿಕಾನ್ 1959ರ ಮೌಂಟನ್ನೇ ಉಳಿಸಿಕೊಂಡಿತು. ಹಳೆಯ ಲೆನ್ಸ್, ಒಂದೆರಡು ಮಿತಿಗಳೊಂದಿಗೆ, ನಡೆಯುತ್ತಿತ್ತು. ನೋಟವನ್ನು ಹಿರಿದು ಕಿರಿದು ಮಾಡಬಲ್ಲ ಜೂಮ್ ಲೆನ್ಸ್ ಸ್ಥಿರಚಿತ್ರದ ಕ್ಯಾಮೆರಾಗಳಲ್ಲಿ 1959ರ ಫೋಯ್ಕ್ಟ್‌ಲೆಂಡರ್ ಝೂಮಾರ್ 36–82ರಷ್ಟು ಹಳೆಯದಾದರೂ, ಕಂಪ್ಯೂಟರಿನಿಂದ ಲೆಕ್ಕ ಸುಲಭವಾದ ಮೇಲೆಯೇ ಅದು ಹವ್ಯಾಸಿಯ ಮೊದಲ ಲೆನ್ಸ್ ಆಗಿ 50ರ ಜಾಗಕ್ಕೆ ಬಂದದ್ದು. 1995ರಲ್ಲಿ ಕ್ಯಾನನ್ 75–300 ಲೆನ್ಸಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಅಳವಡಿಸಿತು. ಟ್ರೈಪಾಡ್ ಕೆಲವು ಸಂದರ್ಭಗಳಲ್ಲಿ ಮನೆಯಲ್ಲೇ ಉಳಿಯಿತು.

2003ರಲ್ಲಿ ಸಾವಿರ ಡಾಲರ್‌ಗಿಂತ ಕಡಿಮೆ ಬೆಲೆಗೆ ಬಂದ ಕ್ಯಾನನ್ 300ಡಿ ಡಿಜಿಟಲ್ ಎಸ್‌ಎಲ್‌ಆರನ್ನು ಹವ್ಯಾಸಿಗಳಿಗೆ ತೆರೆಯಿತು. ಇಂಥ ಕ್ಯಾಮೆರಾಗಳ ಸೆನ್ಸರ್ ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದು. ಆದ್ದರಿಂದ 200 ಮಿ.ಮೀ. ಲೆನ್ಸ್ 300ಕ್ಕೂ ಮೀರಿದ ನೋಟ ಕೊಡುತ್ತಿತ್ತು. ಹಕ್ಕಿಗಳ ಬೆನ್ನು ಹತ್ತಿದವರಿಗೆ ಪುಕ್ಕಟೆ ಲಾಭ. ಹಳೆಯ 28ರ ವೈಡ್ ಮಾತ್ರ ವೈಡ್ ಆಗಿ ಉಳಿಯಲಿಲ್ಲ. ಅದಕ್ಕಾಗಿ 18–55ರ ಕಿಟ್ ಲೆನ್ಸ್ ಹುಟ್ಟಿತು.

ಬೆಳಕಿನ ಹಳೆಯ ಲೆಕ್ಕವನ್ನೂ ಡಿಜಿಟಲ್ ಸಡಿಲಿಸಿತು. 1930ರ ದಶಕದ ಕೊಡಾಕ್ರೋಮ್ ಬಣ್ಣದ ಫಿಲ್ಮಿನ ವೇಗ ಇಂದಿನ ಐಎಸ್‌ಒ ಅಳತೆಯಲ್ಲಿ ಹತ್ತರ ಆಸುಪಾಸು. ಇಂದಿನ ಸೆನ್ಸರ್ 3200ರಲ್ಲೂ ಒಪ್ಪುವ ಚಿತ್ರ ಕೊಡುತ್ತದೆ. ಹೀಗಾಗಿ ಎಫ್/6.3ರಂಥ ಮಂದ ಲೆನ್ಸೂ ಕಾಡಿನಲ್ಲಿ ಕೆಲಸಕ್ಕೆ ಬರುತ್ತದೆ. ಟ್ಯಾಮ್ರಾನ್ ಮತ್ತು ಸಿಗ್ಮಾದ 150–600 ಜೂಮುಗಳು ಕಳೆದ ದಶಕದಲ್ಲಿ ಹವ್ಯಾಸಿಗಳಲ್ಲಿ ಹರಡಿದ್ದಕ್ಕೆ ಇದೇ ಕಾರಣ. ಅವುಗಳ ಬೆಲೆ 600 ಎಫ್/4ರ ಬೆಲೆಯ ಒಂದು ಸಣ್ಣ ಪಾಲು.

2008ರ ಪ್ಯಾನಾಸೋನಿಕ್ ಜಿ1ರಿಂದ ಶುರುವಾದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿ ಇಲ್ಲದ್ದರಿಂದ ಮೌಂಟಿನಿಂದ ಸೆನ್ಸರಿಗಿರುವ ದೂರ ಕಡಿಮೆಯಾಯಿತು: ನಿಕಾನ್ ಎಫ್ ಮೌಂಟಿನಲ್ಲಿ 46.5 ಮಿ.ಮೀ. ಇದ್ದದ್ದು ಸೋನಿ ಇ ಮೌಂಟಿನಲ್ಲಿ 18 ಮಿ.ಮೀ. ಉಳಿದ ಜಾಗದಲ್ಲಿ ಒಂದು ಅಡಾಪ್ಟರ್ ಕೂರಿಸಿದರೆ ಲೈಕಾದ ತಿರುಪು ಲೆನ್ಸಿನಿಂದ ಹಿಡಿದು ಬಹುತೇಕ ಹಳೆಯ ಲೆನ್ಸುಗಳನ್ನು, ಕೈಯಿಂದ ಫೋಕಸ್ ಮಾಡಿಕೊಂಡು, ಬಳಸಬಹುದು. ಹೊಸ ಲೆನ್ಸುಗಳ ಮಾತು ಬೇರೆ. ಅವು ಕ್ಯಾಮೆರಾದೊಡನೆ ವಿದ್ಯುತ್ ಸಂಕೇತಗಳಲ್ಲಿ ವ್ಯವಹರಿಸುವುದರಿಂದ, ಬಳೆಯ ಅಳತೆ ಹೊಂದಿದರೆ ಸಾಲದು, ತಯಾರಕರ ಅನುಮತಿಯೂ ಬೇಕು. 2018ರಲ್ಲಿ ಲೈಕಾ, ಪ್ಯಾನಾಸೋನಿಕ್, ಸಿಗ್ಮಾ ಸೇರಿ ಎಲ್ ಮೌಂಟನ್ನು ಹಂಚಿಕೊಂಡವು. ಕ್ಯಾನನ್ ತನ್ನ ಆರ್‌ಎಫ್ ಮೌಂಟಿಗೆ ಆಟೋಫೋಕಸ್ ಲೆನ್ಸ್ ಮಾಡಲು ಸಿಗ್ಮಾ ಮತ್ತು ಟ್ಯಾಮ್ರಾನ್‌ಗೆ ಪರವಾನಗಿ ಕೊಟ್ಟ ಸುದ್ದಿ 2024ರಲ್ಲಿ ಬಂತು, ಅದೂ ಚಿಕ್ಕ ಸೆನ್ಸರಿನ ಲೆನ್ಸುಗಳಿಗೆ. ಹಾಗಾಗಿ ಮೊದಲ ಕ್ಯಾಮೆರಾ ಕೊಳ್ಳುವ ಹವ್ಯಾಸಿ ಇಂದಿಗೂ, 1932ರಲ್ಲಿದ್ದಂತೆ, ಬಾಡಿಗಿಂತ ಮೊದಲು ಅದರ ಮೌಂಟಿಗೆ ಯಾರ ಯಾರ ಲೆನ್ಸುಗಳು ಯಾವ ಬೆಲೆಗೆ ಸಿಗುತ್ತವೆ ಎಂಬುದನ್ನು ವಿಚಾರಿಸಬೇಕಾಗುತ್ತದೆ.