ರಾಬರ್ಟ್ ಹ್ಯಾರಿಸ್: ವರದಿಗೆ ದಕ್ಕದ್ದನ್ನು ಕಾದಂಬರಿ ಮಾಡಿದ ಪತ್ರಕರ್ತ

2025ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್ ತೀರಿಕೊಂಡಾಗ, ಮುಂದಿನ ಪೋಪ್ ಆಯ್ಕೆ ಹೇಗೆ ನಡೆಯುತ್ತೆ ಅಂತ ತಿಳಿಯಲು ಎಷ್ಟೋ ಜನ ಹುಡುಕಿಕೊಂಡು ಹೋಗಿದ್ದು 'ಕಾನ್‌ಕ್ಲೇವ್' ಸಿನಿಮಾವನ್ನು. ಅದರ ಮೂಲ ರಾಬರ್ಟ್ ಹ್ಯಾರಿಸ್ ಅವರ 2016ರ ಕಾದಂಬರಿ. ಧರ್ಮದ ಕಥೆ ಅಂದುಕೊಂಡು ಕೂತವರಿಗೆ ಸಿಗುವುದು ಅಪ್ಪಟ ಚುನಾವಣೆ. ಬಣಗಳು, ಸುತ್ತಿನಿಂದ ಸುತ್ತಿಗೆ ಬದಲಾಗುವ ಮತಲೆಕ್ಕ, ಸರಿಯಾದ ಹೊತ್ತಿಗೆ ಹೊರಬರುವ ಹಗರಣ, ಎಲ್ಲವೂ ಇದೆ. ಪಾರ್ಲಿಮೆಂಟಿನ ಮೊಗಸಾಲೆಯಲ್ಲಿ ಕಿವಿ ಕೊಟ್ಟು ನಿಂತವರ ಕೈಬರಹ ಅದು.

ಹ್ಯಾರಿಸ್ ಹುಟ್ಟಿದ್ದು 1957ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಅಪ್ಪ ಮುದ್ರಣಾಲಯದ ಕೆಲಸಗಾರ. ಕೇಂಬ್ರಿಡ್ಜ್‌ನಲ್ಲಿ ಓದಿ, ಅಲ್ಲಿನ ವಿದ್ಯಾರ್ಥಿ ಪತ್ರಿಕೆ ಸಂಪಾದಿಸಿ, ಬಿಬಿಸಿ ಸೇರಿದರು. 1987ರಲ್ಲಿ, ಮೂವತ್ತನೇ ವಯಸ್ಸಿಗೇ, 'ದಿ ಅಬ್ಸರ್ವರ್' ಪತ್ರಿಕೆಯ ರಾಜಕೀಯ ಸಂಪಾದಕ. ಆಮೇಲೆ 'ಸಂಡೇ ಟೈಮ್ಸ್' ಅಂಕಣಕಾರ.

ಅವರನ್ನು ಕಾದಂಬರಿಯತ್ತ ತಿರುಗಿಸಿದ್ದು ಒಂದು ಪತ್ರಿಕಾ ಹಗರಣ ಅನ್ನಬಹುದು. 1983ರಲ್ಲಿ ಜರ್ಮನಿಯ 'ಸ್ಟರ್ನ್' ವಾರಪತ್ರಿಕೆ ಹಿಟ್ಲರನ ಖಾಸಗಿ ಡೈರಿಗಳು ಸಿಕ್ಕಿವೆ ಅಂತ ಘೋಷಿಸಿತು. ಅದಕ್ಕೆ ಸುರಿದಿದ್ದು ಸುಮಾರು 93 ಲಕ್ಷ ಮಾರ್ಕ್. ರೂಪರ್ಟ್ ಮರ್ಡಾಕ್‌ನ 'ಸಂಡೇ ಟೈಮ್ಸ್' ಕೂಡ ಹಕ್ಕು ಕೊಂಡಿತು. ಡೈರಿ ಅಸಲಿ ಎಂದಿದ್ದ ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್‌ಗೆ ಕೊನೇ ಗಳಿಗೆಯಲ್ಲಿ ಅನುಮಾನ ಬಂತು, ಆದರೂ ಅಚ್ಚಿನ ಯಂತ್ರ ನಿಲ್ಲಲಿಲ್ಲ. ಕೆಲವೇ ದಿನಗಳಲ್ಲಿ ಲ್ಯಾಬ್ ವರದಿ ಬಂತು: ಕಾಗದವೇ ಯುದ್ಧದ ನಂತರದ್ದು. ಬರೆದವನು ಕೊನ್ರಾಡ್ ಕುಯಾವ್ ಎಂಬ ನಕಲಿಗಾರ. ಜಾಣರೆಲ್ಲ ಒಟ್ಟಿಗೆ ಹೇಗೆ ಬೇಸ್ತು ಬಿದ್ದರು ಅನ್ನೋದನ್ನು ಹ್ಯಾರಿಸ್ 'ಸೆಲ್ಲಿಂಗ್ ಹಿಟ್ಲರ್' (1986) ಪುಸ್ತಕದಲ್ಲಿ ಬಿಚ್ಚಿಟ್ಟರು. ಫೇಕ್ ನ್ಯೂಸ್ ಬಗ್ಗೆ ಇವತ್ತು ಮಾತಾಡುವವರು ಓದಲೇಬೇಕಾದ ಪುಸ್ತಕ.

ನಾಜಿಗಳ ಕಡತಗಳಲ್ಲಿ ಅಷ್ಟು ಕಾಲ ಮುಳುಗಿದ್ದರ ಫಲ 1992ರ 'ಫಾದರ್‌ಲ್ಯಾಂಡ್'. ಹಿಟ್ಲರ್ ಯುದ್ಧ ಗೆದ್ದಿದ್ದಾನೆ, ಇಸವಿ 1964, ಆಲ್ಬರ್ಟ್ ಸ್ಪೀರ್ ನಕ್ಷೆಯಲ್ಲಷ್ಟೇ ಇದ್ದ ದೈತ್ಯ ಬರ್ಲಿನ್ ಕಟ್ಟಿ ನಿಂತಿದೆ. ಒಂದು ಕೊಲೆಯ ತನಿಖೆಗೆ ಹೊರಟ ಪೊಲೀಸ್ ಅಧಿಕಾರಿಗೆ ಯೆಹೂದಿಗಳ ನರಮೇಧದ ದಾಖಲೆ ಸಿಗುತ್ತದೆ. ಗೆದ್ದವರು ಅದನ್ನು ಅಳಿಸಿಹಾಕಿದ್ದಾರೆ, ಸಾಮಾನ್ಯ ಜನ ಕೇಳುವುದನ್ನೇ ಬಿಟ್ಟಿದ್ದಾರೆ. ನನ್ನ ಪ್ರಕಾರ ಹ್ಯಾರಿಸ್ ಬರೆದ ಅತ್ಯಂತ ರಾಜಕೀಯ ಪುಸ್ತಕ ಇದೇ.

ಇನ್ನು ಟೋನಿ ಬ್ಲೇರ್ ವಿಷಯ. 1997ರ ಚುನಾವಣೆ ಹೊತ್ತಿಗೆ ಹ್ಯಾರಿಸ್ ಬ್ಲೇರ್‌ಗೆ ಆಪ್ತರು. ಇರಾಕ್ ಯುದ್ಧದ ಮೇಲೆ ನಂಬಿಕೆ ಮುರಿಯಿತು. 2007ರ ಜೂನ್‌ನಲ್ಲಿ ಬ್ಲೇರ್ ಕುರ್ಚಿ ಬಿಟ್ಟರು, ಅದೇ ವರ್ಷ 'ದಿ ಗೋಸ್ಟ್' ಅಂಗಡಿಗೆ ಬಂತು. ಅದರಲ್ಲಿ ಆಡಮ್ ಲ್ಯಾಂಗ್ ಎಂಬ ಮಾಜಿ ಪ್ರಧಾನಿ ಇದ್ದಾನೆ. ಶಂಕಿತರನ್ನು ಚಿತ್ರಹಿಂಸೆಗಾಗಿ ಸಿಐಎ ಕೈಗೆ ಒಪ್ಪಿಸಿದ ಆರೋಪ ಅವನ ಮೇಲಿದೆ. ಅವನ ಆತ್ಮಕಥೆಯನ್ನು ಬಾಡಿಗೆಗೆ ಬರೆದುಕೊಡಲು ಬಂದವನೇ ನಿರೂಪಕ. ಹೆಸರು ಹಾಕದಿದ್ದರೂ ಬ್ರಿಟನ್ನಿನ ಓದುಗರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಆಪ್ತವಲಯದೊಳಗೆ ಕಂಡದ್ದನ್ನು ಅಂಕಣದಲ್ಲಿ ಬರೆದಿದ್ದರೆ ಸಾಕ್ಷ್ಯ ಕೇಳುತ್ತಿದ್ದರು, ಕಾದಂಬರಿಗೆ ಆ ಹಂಗಿಲ್ಲ. ಇದು ಸ್ವಾತಂತ್ರ್ಯವೋ ಜವಾಬ್ದಾರಿಯಿಂದ ಜಾರಿಕೊಳ್ಳುವ ಉಪಾಯವೋ ಅನ್ನೋ ಪ್ರಶ್ನೆ ಮಾತ್ರ ನ್ಯಾಯವಾದದ್ದು.

ಸಿಸೆರೊ ಕುರಿತ ಮೂರು ಕಾದಂಬರಿಗಳಲ್ಲಿ (2006ರಿಂದ 2015) ಕಥೆ ಹೇಳುವವನು ಅವನ ಕಾರ್ಯದರ್ಶಿ ಟೀರೊ, ಶೀಘ್ರಲಿಪಿ ಕಂಡುಹಿಡಿದವನೆಂದು ಹೆಸರಾದ ಗುಲಾಮ. ಅಧಿಕಾರದ ಪಕ್ಕದಲ್ಲಿ ಕೂತು ನೋಟ್ಸ್ ಮಾಡಿಕೊಳ್ಳುವವನು. ಗಣರಾಜ್ಯವೊಂದು ನಿಯಮಬದ್ಧವಾಗಿಯೇ ಹೇಗೆ ಕುಸಿಯುತ್ತದೆ ಅನ್ನೋದಕ್ಕೆ ಈ ಸರಣಿ ಒಳ್ಳೆ ಪಾಠ.

ಕೊರತೆಗಳೂ ಇವೆ. ಹ್ಯಾರಿಸ್ ಲೋಕ ಬಹುಮಟ್ಟಿಗೆ ಮುಚ್ಚಿದ ಕೋಣೆಗಳದ್ದು, ಬೀದಿಗಿಳಿದ ಜನ, ಮುಷ್ಕರ, ಚಳವಳಿ ಕಾಣುವುದೇ ಅಪರೂಪ. ಇನ್ನೊಂದು ಮುಜುಗರ ರೋಮನ್ ಪೊಲಾನ್‌ಸ್ಕಿ. ಬಾಲಕಿಯ ಜತೆಗಿನ ಲೈಂಗಿಕ ಅಪರಾಧವನ್ನು ಕೋರ್ಟಿನಲ್ಲಿ ಒಪ್ಪಿಕೊಂಡು, 1978ರಲ್ಲಿ ಅಮೆರಿಕ ಬಿಟ್ಟು ಓಡಿದ ನಿರ್ದೇಶಕ ಅವನು. 'ದಿ ಗೋಸ್ಟ್' ಅನ್ನೂ, ಡ್ರೇಫಸ್ ಪ್ರಕರಣದ 'ಆನ್ ಆಫೀಸರ್ ಅಂಡ್ ಎ ಸ್ಪೈ' ಅನ್ನೂ ಸಿನಿಮಾ ಮಾಡಿದ್ದು ಅವನೇ, ಹ್ಯಾರಿಸ್ ಜತೆಗೂಡಿ. ಅಧಿಕಾರಸ್ಥರ ಹೊಣೆಗಾರಿಕೆ ಬಗ್ಗೆ ಬರೆಯುವವರಿಗೆ ಈ ಸ್ನೇಹ ಹೊಂದುವುದಿಲ್ಲ ಅಂತಲೇ ನನಗನಿಸುತ್ತದೆ.

2024ರಲ್ಲಿ ಬಂದ 'ಪ್ರೆಸಿಪಿಸ್' ಮತ್ತೆ ಕಡತಕ್ಕೆ ಮರಳಿದೆ. 1914ರಲ್ಲಿ, ಮಹಾಯುದ್ಧದ ಹೊಸ್ತಿಲಲ್ಲಿ, ಪ್ರಧಾನಿ ಆಸ್ಕ್ವಿತ್ ತನಗಿಂತ ತೀರಾ ಚಿಕ್ಕವಳಾದ ವೆನೀಷಿಯಾ ಸ್ಟ್ಯಾನ್ಲಿಗೆ ಪ್ರೇಮಪತ್ರಗಳನ್ನು ಬರೆಯುತ್ತಿದ್ದ, ಜತೆಗೆ ಸರ್ಕಾರದ ಗುಟ್ಟುಗಳನ್ನೂ ತಿಳಿಸುತ್ತಿದ್ದ. ಕಾದಂಬರಿಯಲ್ಲಿರುವ ಆಸ್ಕ್ವಿತ್‌ನ ಪತ್ರಗಳು ಅಸಲಿ. ಆಕೆಯ ಉತ್ತರಗಳು ಉಳಿದಿಲ್ಲ, ಅವನ್ನು ಹ್ಯಾರಿಸ್ ಕಲ್ಪಿಸಿ ಬರೆದಿದ್ದಾರೆ.