ಸಾಂಬ್ರಾದ ಬಯಲು

1942. ಬರ್ಮಾ ಜಪಾನೀಯರ ವಶವಾಗಿ, ಯುದ್ಧದ ಕಾವು ಬಂಗಾಳದ ಗಡಿಗೆ ತಾಕಿದ್ದ ಕಾಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿಯ ಮೂಡಲಿಗೆ, ಹತ್ತು ಕಿಲೋಮೀಟರಿನಾಚೆಯ ಸಾಂಬ್ರಾ ಗ್ರಾಮದ ಬಯಲಿನಲ್ಲಿ ಬ್ರಿಟಿಷರ ವಾಯುಪಡೆ ರನ್‌ವೇ ಒಂದನ್ನು ಹಾಸಿತು. ಕದನ ದೂರದಲ್ಲಿತ್ತು, ತರಬೇತಿಗೆ ಅಂಥ ನೆಲವೇ ಬೇಕಿತ್ತು. ಬೆಳಗಾವಿಯವರ ಪ್ರಯಾಣಕ್ಕೆಂದು ಕಟ್ಟಿದ ನಿಲ್ದಾಣವಲ್ಲ ಇದು. ಸಾಂಬ್ರಾದ ಹಣೆಬರಹವನ್ನು ಬಹುಕಾಲ ಬರೆದವರು ದೂರದವರೇ.

ಸ್ವಾತಂತ್ರ್ಯ ಬಂತು. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಘಟ್ಟದ ಕೆಳಗಿನ ಗೋವಾದಲ್ಲಿ ಪೋರ್ಚುಗೀಸರ ಬಾವುಟ ಇಳಿದಿರಲಿಲ್ಲ. 1961ರ ಡಿಸೆಂಬರಿನಲ್ಲಿ ಗೋವಾ ಬಿಡಿಸಲು ಹೊರಟ, ಮೇಜರ್ ಜನರಲ್ ಕ್ಯಾಂಡೆತ್ ನೇತೃತ್ವದ ಭಾರತದ ದಂಡಿಗೆ ಬೆಳಗಾವಿಯೇ ನೆಲೆಯಾಯಿತು. ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ ಅವರ ವಿಮಾನಗಳು ಪುಣೆ ಮತ್ತು ಸಾಂಬ್ರಾದಲ್ಲಿ ಬೀಡುಬಿಟ್ಟವು. 18ರಂದು ಪುಣೆಯ ಕ್ಯಾನ್‌ಬೆರಾ ಬಾಂಬರುಗಳು ಗೋವಾದ ದಾಬೋಲಿಮ್ ರನ್‌ವೇ ಮೇಲೆ ಬಾಂಬು ಸುರಿಸಿದವು. ಸಾಂಬ್ರಾದ ಹಂಟರ್ ವಿಮಾನಗಳ ಪಾಲಿಗೆ ಬಂದದ್ದು ಬಾಂಬೋಲಿಮ್‌ನ ನಿಸ್ತಂತು ಕೇಂದ್ರ. ರಾಕೆಟ್ಟು, ತೋಪುಗಳ ಹೊಡೆತಕ್ಕೆ ಆ ಕೇಂದ್ರ ಮೌನವಾಯಿತು. ಗೋವಾದಲ್ಲಿ ಪೋರ್ಚುಗಲ್ಲಿನ ಒಂದು ಯುದ್ಧವಿಮಾನವೂ ಇರಲಿಲ್ಲವೆಂಬುದನ್ನು ವೀರಗಾಥೆ ಬರೆಯುವವರು ನೆನಪಿಡುವುದು ಒಳ್ಳೆಯದು. ಆಕಾಶದಲ್ಲಿ ಎದುರಾಳಿಯೇ ಇಲ್ಲದ ಯುದ್ಧವದು. ಆ ರಾತ್ರಿಯೇ ಪೆಟ್ಟುತಿಂದ ದಾಬೋಲಿಮ್‌ನಿಂದ ಎರಡು ಪ್ರಯಾಣಿಕ ವಿಮಾನಗಳು ಹೇಗೋ ಮೇಲೇರಿ ಕರಾಚಿಗೆ ಪಾರಾದವು. ಮರುದಿನ ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲೊ ಎ ಸಿಲ್ವಾ ಶರಣಾದ. 451 ವರ್ಷಗಳ ಆಳ್ವಿಕೆ ಅಲ್ಲಿಗೆ ಮುಗಿಯಿತು.

ಆಮೇಲಿನ ದಶಕಗಳು ಸದ್ದಿಲ್ಲದವು. ಪ್ರಯಾಣಿಕ ವಿಮಾನಗಳು ಬಂದವು, ನಿಂತವು, ಮತ್ತೆ ಬಂದವು. ರನ್‌ವೇ 2,300 ಮೀಟರಿಗೆ ಬೆಳೆದು, 2017ರ ಸೆಪ್ಟೆಂಬರಿನಲ್ಲಿ ಹೊಸ ಟರ್ಮಿನಲ್ ತೆರೆಯಿತು. ಊರು ಹಿಗ್ಗಿದ್ದು ಸ್ವಲ್ಪ ಕಾಲ ಮಾತ್ರ. ಮರುವರ್ಷ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯ ರಿಯಾಯಿತಿ ಹುಬ್ಬಳ್ಳಿಗೆ ದಕ್ಕಿತು. ವಿಮಾನಗಳೂ ಅತ್ತ ತಿರುಗಿದವು. ಹೊಸ ಕಟ್ಟಡವಿದ್ದೂ ಹಾರಾಟವಿಲ್ಲದ ಪಾಡು. ಬೆಳಗಾವಿಗರು ಸುಮ್ಮನಿರಲಿಲ್ಲ, ಕೂಗೆಬ್ಬಿಸಿದರು. 2019ರ ಜನವರಿಯಲ್ಲಿ ಉಡಾನ್‌ನ ಮೂರನೆಯ ಸುತ್ತಿನ ಪಟ್ಟಿಗೆ ಬೆಳಗಾವಿಯೂ ಸೇರಿತು. ಈ ಸಲ ಬೇಡಿಕೆ ಊರಿನದೇ ಆಗಿತ್ತು.

ವಾಯುಪಡೆ ಮಾತ್ರ ಈ ನೆಲ ಬಿಟ್ಟು ಹೋಗಿಲ್ಲ. ಪಕ್ಕದ ನೆಲೆಯಲ್ಲಿ ಏರ್‌ಮೆನ್ ತರಬೇತಿ ಶಾಲೆ ನಡೆಯುತ್ತಿದೆ. ದೇಶದ ನಾನಾ ಮೂಲೆಗಳಿಂದ ಬಂದ ಹುಡುಗರು ಮೊದಲ ಕವಾಯತು ಕಲಿಯುವುದು ಅಲ್ಲಿ.