ಎರಡು ಪಗಾರದ ಹಳೆಯ ಲೆಕ್ಕ

ಕಲಬುರಗಿ ಜಿಲ್ಲೆಯಲ್ಲಿ ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ ಎಂಬ ಅಡ್ಡಹೆಸರಿನವರಿಗೆ ಬರವಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮದುವೆ ಪತ್ರಿಕೆಗಳಲ್ಲಿ ಇವು ಸಾಲಾಗಿ ಕಾಣಿಸುತ್ತವೆ. ಇವೆಲ್ಲ ಒಂದು ಕಾಲಕ್ಕೆ ಹುದ್ದೆಗಳಾಗಿದ್ದವು. ಮಾಲ್ ಎಂದರೆ ಕಂದಾಯ. ಅದನ್ನು ಎತ್ತುವವನು ಮಾಲಿ ಪಾಟೀಲ. ಕಳವು, ಹೊಡೆದಾಟ, ಊರಿಗೆ ಬಂದ ಪರಸ್ಥಳದವರು, ಇವುಗಳ ಮೇಲೆ ಕಣ್ಣಿಟ್ಟವನು ಪೊಲೀಸ್ ಪಾಟೀಲ. ಲೆಕ್ಕ ಬರೆಯುವವನು ಕುಲಕರ್ಣಿ, ನಿಜಾಮರ ಕಾಗದಗಳ ಪ್ರಕಾರ ಪಟವಾರಿ. ಸಣ್ಣ ಊರುಗಳಲ್ಲಿ ಎರಡೂ ಪಾಟೀಲಿಕೆಗಳು ಒಂದೇ ಕೈಯಲ್ಲಿ ಇರುವುದಿತ್ತು. ಅಂದರೆ ಒಬ್ಬನೇ ಮನುಷ್ಯ, ಎರಡು ಹುದ್ದೆ. ಯಾರೂ ಅದನ್ನು ತಪ್ಪು ಎನ್ನಲಿಲ್ಲ.

ಏಕೆಂದರೆ ಹುದ್ದೆ ಎನ್ನುವುದು ಆಗ ಆಸ್ತಿ. ವತನ ಅಂದರೆ ಹೊಲದಂತೆಯೇ ತಂದೆಯಿಂದ ಮಗನಿಗೆ ಬರುವುದು, ಅಣ್ಣತಮ್ಮಂದಿರಲ್ಲಿ ಪಾಲಾಗುವುದು, ಕೋರ್ಟು ಹತ್ತುವುದು. ಹೊಲವನ್ನು ಮಾಲೀಕನೇ ಉಳಬೇಕೆಂದು ಯಾರೂ ಕೇಳದ ಹಾಗೆ, ಹುದ್ದೆಯನ್ನೂ ವತನದಾರನೇ ಮಾಡಬೇಕೆಂದು ಕೇಳುತ್ತಿರಲಿಲ್ಲ. ಅವನು ಅಪ್ರಾಪ್ತನಿರಬಹುದು, ವತನ ಹೆಣ್ಣುಮಗಳ ಹೆಸರಿಗೆ ಬಂದಿರಬಹುದು, ಅಥವಾ ಅವನಿಗೆ ಬೇರೆ ಕಡೆ ಇನ್ನೂ ದೊಡ್ಡ ಆದಾಯವಿರಬಹುದು. ಆಗ ಗುಮಾಸ್ತ ಬರುತ್ತಾನೆ. ಊರಲ್ಲಿ ಕೂತು ಬರೆಯುವವನು ಗುಮಾಸ್ತ, ಹಕ್ಕು ವತನದಾರನದು. ಬಂದದ್ದರಲ್ಲಿ ಗುಮಾಸ್ತನಿಗೆ ಒಂದು ಪಾಲು. ನನ್ನ ಸಂಶೋಧನೆಗಾಗಿ ಹಳೆಯ ಕಂದಾಯ ಕಾಗದಗಳನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಈ ಗುಮಾಸ್ತನೇ. ಅಕ್ಷರ ಅವನದು, ಹೆಸರು ಇನ್ನೊಬ್ಬರದು.

ಈ ಗುಮಾಸ್ತನ ಬಗ್ಗೆ ಮತ್ತೆ ಯೋಚಿಸುವಂತೆ ಮಾಡಿದವನು ನನ್ನ ಒಬ್ಬ ಸಹಪಾಠಿ. 2020ರಲ್ಲಿ ಬೆಂಗಳೂರಿನ ರೂಮು ಖಾಲಿ ಮಾಡಿ ಸೇಡಂಗೆ ಬಂದವನು, ಮಾಳಿಗೆಯ ಕೋಣೆಯಲ್ಲಿ ಮೊದಲು ಒಂದು ಲ್ಯಾಪ್‌ಟಾಪ್ ಇಟ್ಟ, ವರ್ಷದೊಳಗೆ ಎರಡು. ಎರಡು ಕಂಪನಿ, ಎರಡೂ ಪೂರ್ಣಾವಧಿ, ಒಂದಕ್ಕೊಂದು ಗೊತ್ತಿಲ್ಲ. ಎರಡೂ ಮೀಟಿಂಗ್ ಕೂಡಿ ಬಂದರೆ ಏನು ಮಾಡ್ತಿ ಎಂದು ಕೇಳಿದೆ. "ಒಂದು ಕಿವಿಗಿ ಒಂದು ಕಂಪನಿ ನೋಡು" ಎಂದ. ಅವನ ಅವ್ವನಿಗೆ ಮಾತ್ರ ಮಗ ದಿನಾ ಯಾರ ಜೊತೆಗೆ ಇಷ್ಟು ಮಾತಾಡುತ್ತಾನೆ ಎಂಬ ಚಿಂತೆ.

2022ರ ಆಗಸ್ಟ್‌ನಲ್ಲಿ ಇದು ದೇಶದ ಸುದ್ದಿಯಾಯಿತು. ವಿಪ್ರೋದ ರಿಷದ್ ಪ್ರೇಮ್‌ಜಿ ಇದನ್ನು ನೇರವಾಗಿ ಮೋಸ ಎಂದು ಕರೆದರು. ಸೆಪ್ಟೆಂಬರ್‌ನಲ್ಲಿ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಮಂದಿಯನ್ನು ಆ ಕಂಪನಿ ತೆಗೆದುಹಾಕಿದ್ದು ಹೊರಬಂತು. ಇನ್ಫೋಸಿಸ್ ಮೊದಲು ಎಚ್ಚರಿಕೆಯ ಪತ್ರ ಕಳಿಸಿ, ಅಕ್ಟೋಬರ್‌ನಲ್ಲಿ ಅನುಮತಿ ಪಡೆದರೆ ಬಿಡುವಿನ ವೇಳೆಯಲ್ಲಿ ಸಣ್ಣಪುಟ್ಟ ಹೊರಗಿನ ಕೆಲಸ ಮಾಡಬಹುದು ಎಂದಿತು. ಸ್ವಿಗ್ಗಿ ಅದಕ್ಕೂ ಮೊದಲೇ ಅಂಥ ಅವಕಾಶ ಕೊಟ್ಟಿತ್ತು. ಮೋಸವೋ ಅಲ್ಲವೋ ಎಂದು ಟಿವಿಯಲ್ಲಿ ಬೇಕಾದಷ್ಟು ಚರ್ಚೆಯಾಯಿತು. ನನಗೆ ಅದಕ್ಕಿಂತ ಹಿಂದಿನ ಪ್ರಶ್ನೆ ಬೇಕಿತ್ತು: ಒಬ್ಬ ಮನುಷ್ಯನಿಗೆ ಒಂದೇ ಪಗಾರ ಎಂಬ ನಿಯಮ ನಮ್ಮಲ್ಲಿ ಯಾವಾಗ ಬಂತು?

ಹಳೆಯ ಕಾಲದಲ್ಲಂತೂ ಇರಲಿಲ್ಲ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಒಬ್ಬನೇ ಅಧಿಕಾರಿ ಮಹಾಪ್ರಧಾನ, ಸಂಧಿವಿಗ್ರಹಿ, ಸೇನಾಧಿಪತಿ, ಕಡಿತವೆರ್ಗಡೆ, ದಂಡನಾಯಕ ಎಲ್ಲವೂ ಆಗಿರುತ್ತಾನೆ. ಪಂಚತಂತ್ರ ಬರೆದ ದುರ್ಗಸಿಂಹ ಸಂಧಿವಿಗ್ರಹಿಯಾಗಿದ್ದವನು. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ 1058ರ ಶಾಸನವಿದೆ. ಒಂದನೇ ಸೋಮೇಶ್ವರನ ದಂಡನಾಯಕ ಮಧುಸೂದನ ಅಲ್ಲಿ ಘಟಿಕಾಸ್ಥಾನ ಕಟ್ಟಿಸಿದ. ವೇದ ಹೇಳುವವರು, ಶಾಸ್ತ್ರ ಹೇಳುವವರು, ಪುಸ್ತಕ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರು, ಇವರಿಗೆಲ್ಲ ಮತ್ತರುಗಳ ಲೆಕ್ಕದಲ್ಲಿ ಭೂಮಿ ಬಿಟ್ಟ. ಸಾವಿರ ವರ್ಷದ ಹಿಂದೆ ನಮ್ಮ ಸೀಮೆಯಲ್ಲಿ ಗ್ರಂಥಪಾಲಕನಿಗೆ ಸರ್ಕಾರಿ ಜೀವನಾಧಾರವಿತ್ತು ಎನ್ನುವುದು ನನ್ನಂಥವಳಿಗೆ ಹೊಟ್ಟೆಕಿಚ್ಚಿನ ವಿಷಯ. ಇರಲಿ. ಭೂಮಿಯ ಮೂಲಕ ಪಗಾರ ಕೊಟ್ಟಾಗ ಕೊಟ್ಟವನು ಕೆಲಸವನ್ನು ಕೇಳುತ್ತಾನೆ, ದಿನದ ಇಂತಿಷ್ಟು ಗಂಟೆಗಳನ್ನು ಕೊಂಡುಕೊಳ್ಳುವುದಿಲ್ಲ.

ಒಂದೇ ಪಗಾರದ ನಿಯಮ ನಮ್ಮ ದೇಶಕ್ಕೆ ಬಂದದ್ದು, ತಮಾಷೆಯೆಂದರೆ, ಎರಡು ಪಗಾರದ ಹಗರಣದಿಂದಲೇ. ಈಸ್ಟ್ ಇಂಡಿಯಾ ಕಂಪನಿ ತನ್ನ ನೌಕರರಿಗೆ ಅತ್ಯಲ್ಪ ಸಂಬಳ ಕೊಟ್ಟು, ಖಾಸಗಿ ವ್ಯಾಪಾರ ಮಾಡಿಕೊಳ್ಳಲು ಬಿಟ್ಟಿತ್ತು. ಅವರು ಕಂಪನಿಯ ದಸ್ತಕ್ ತೋರಿಸಿ ಸುಂಕ ತಪ್ಪಿಸಿ ಬಂಗಾಳವನ್ನು ಸುಲಿದರು. ನವಾಬ ಮೀರ್ ಕಾಸಿಮನೊಡನೆ ಯುದ್ಧವೇ ಆಯಿತು. ಕ್ಲೈವ್ ಅದನ್ನು ತಡೆಯಲು ಹೋಗಿ ಸೋತ. 1786ರಲ್ಲಿ ಬಂದ ಕಾರ್ನ್‌ವಾಲಿಸ್ ಖಾಸಗಿ ವ್ಯಾಪಾರ ನಿಲ್ಲಿಸಿದ, ಬದಲಿಗೆ ಸಂಬಳ ಏರಿಸಿದ: ಕಲೆಕ್ಟರನಿಗೆ ತಿಂಗಳಿಗೆ 1500 ರೂಪಾಯಿ, ಮೇಲೆ ವಸೂಲಿಯಲ್ಲಿ ಕಮಿಷನ್. ನಿಷೇಧ ಒಂದು ಕೈಯಲ್ಲಿ, ಸಾಕಾಗುವಷ್ಟು ಪಗಾರ ಇನ್ನೊಂದು ಕೈಯಲ್ಲಿ. ಮುಂದೆ ಬಂದ ಮಾಲೀಕರು ಮೊದಲನೆಯದನ್ನು ಚೆನ್ನಾಗಿ ನೆನಪಿಟ್ಟುಕೊಂಡರು.

ಕಾರ್ನ್‌ವಾಲಿಸನ ಕಟ್ಟಳೆ ಕಂಪನಿಯ ನೌಕರರಿಗೆ. ನಿಜಾಮರ ಪಗಾರ ತಿನ್ನುವ ಇಂಗ್ಲಿಷರು ಇದ್ದರು, ಅವರಲ್ಲೊಬ್ಬನನ್ನು ನಮ್ಮ ಕಡೆಯವರು ಇನ್ನೂ ಮರೆತಿಲ್ಲ. ಸೇಡಂನಿಂದ ನೈಋತ್ಯಕ್ಕೆ ಹೋಗಿ ಭೀಮಾ ನದಿ ದಾಟಿದರೆ ಸುರಪುರ. ಅಲ್ಲಿಯ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್ ಹದಿನೈದನೇ ವಯಸ್ಸಿಗೆ ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಕೆಲಸಕ್ಕೆಂದು ಹಡಗಿನಿಂದಿಳಿದವನು. ಆ ವ್ಯಾಪಾರ ಮುಳುಗುವ ಹಾಗಿತ್ತು. 1824ರಲ್ಲಿ ನಿಜಾಮರ ಸೇನೆ ಸೇರಿದ. 1839ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿ ಬರೆದು ಲಂಡನ್ನಿನಲ್ಲಿ ಹೆಸರಾದ. ಸುರಪುರದ ದೊರೆ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದ ಕಾಲದಲ್ಲಿ, 1840ರ ದಶಕದ ಆರಂಭದಿಂದ 1853ರ ವರೆಗೆ, ಆ ಸಂಸ್ಥಾನದ ಆಡಳಿತ ಟೇಲರ್ ಕೈಯಲ್ಲಿತ್ತು. ರಾಣಿ ಈಶ್ವರಮ್ಮನ ಜೊತೆ ಜಟಾಪಟಿ, ಕಂದಾಯ, ನ್ಯಾಯ, ಹುಡುಗ ದೊರೆಯ ವಿದ್ಯಾಭ್ಯಾಸ, ಎಲ್ಲ ಅವನದೇ ತಲೆನೋವು.

ಇದೇ ಅವಧಿಯಲ್ಲಿ, 1840ರಿಂದ 1853ರ ವರೆಗೆ, ಅವನು ಲಂಡನ್ನಿನ ಟೈಮ್ಸ್ ಪತ್ರಿಕೆಯ ಭಾರತದ ವರದಿಗಾರನೂ ಆಗಿದ್ದ. ತಂತಿ ಇನ್ನೂ ಬಂದಿರಲಿಲ್ಲ. ವಾಡಿ ಜಂಕ್ಷನ್ನಿಂದ ಸಿಕಂದರಾಬಾದಿಗೆ ರೈಲು ಓಡಿದ್ದು 1874ರಲ್ಲಿ. ಟಪಾಲು ಓಟಗಾರರ ಹೆಗಲ ಮೇಲೆ ಹೊರಟು, ಹಡಗು ಹತ್ತಿ, ಲಂಡನ್ ಮುಟ್ಟಲು ತಿಂಗಳ ಮೇಲೆ ಬೇಕು. ಆದರೂ ಸುರಪುರದ ಗುಡ್ಡದ ಮೇಲೆ ಕೂತು ಲಂಡನ್ನಿನ ಕೆಲಸ ಮಾಡಿದ ಈ ಮನುಷ್ಯನಿಗಿಂತ ಹಳೆಯ ವರ್ಕ್ ಫ್ರಮ್ ಹೋಮ್ ಉದಾಹರಣೆ ನಮ್ಮ ಸೀಮೆಯಲ್ಲಿ ನನಗೆ ಸಿಕ್ಕಿಲ್ಲ. ಹೈದರಾಬಾದಿನ ರೆಸಿಡೆಂಟನ ಕೆಳಗೆ ಅಧಿಕಾರಿಯಾಗಿದ್ದುಕೊಂಡು ಅದೇ ರಾಜಕಾರಣದ ಸುದ್ದಿಯನ್ನು ಪತ್ರಿಕೆಗೆ ಬರೆಯುವುದನ್ನು ಇಂದಿನ ಕಂಪನಿಯವರು ಹಿತಾಸಕ್ತಿಯ ಸಂಘರ್ಷ ಎಂದು ಅಂದೇ ಸಂಜೆ ಮನೆಗೆ ಕಳಿಸುತ್ತಿದ್ದರು.

ನನಗೆ ಕುತೂಹಲ ಬೇರೆಯದರಲ್ಲಿ. ಟಿಪ್ಪು ಸುಲ್ತಾನನ ಮೇಲೆ ಟೇಲರ್ ಬರೆದ ಕಾದಂಬರಿ 1840ರಲ್ಲಿ ಬಂತು. ಮುಂದಿನದು, 'ತಾರಾ', 1863ರಲ್ಲಿ. ನಡುವೆ 23 ವರ್ಷ. ಅವನ ಆತ್ಮಕಥೆ ಸತ್ತ ಮರುವರ್ಷ, 1877ರಲ್ಲಿ, ಅಚ್ಚಾಯಿತು; ಅದನ್ನು ಓದಿದರೆ ಮನುಷ್ಯ ಸೋಮಾರಿಯಲ್ಲ ಎಂದು ಪುಟಪುಟಕ್ಕೂ ಗೊತ್ತಾಗುತ್ತದೆ. ಎರಡು ಕೆಲಸವನ್ನೂ ಅವನು ಮಾಡಿದ. ಮೂರನೆಯದು, ಪಗಾರವಿಲ್ಲದ ತನ್ನ ಸ್ವಂತದ ಕೆಲಸ, ನಿಂತುಹೋಯಿತು. ಇದು ನನ್ನ ಊಹೆ ಅಷ್ಟೇ. ಆದರೆ ಪಿಎಚ್.ಡಿ. ಮಾಡುವವಳಿಗೆ ಇಂಥ ಊಹೆ ಬೇಗ ಹೊಳೆಯುತ್ತದೆ. ಫೆಲೋಶಿಪ್ ಪಡೆಯುವಾಗ ಬೇರೆಲ್ಲೂ ಪಗಾರ ತೆಗೆದುಕೊಳ್ಳುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದೇನೆ. ಹಣ ತಿಂಗಳುಗಟ್ಟಲೆ ತಡವಾದಾಗ ಆ ಮುಚ್ಚಳಿಕೆಯಲ್ಲಿ ಇನ್ನೊಂದು ಪಕ್ಷದ ಸಹಿ ಎಲ್ಲಿದೆ ಎಂದು ನೋಡಬೇಕೆನಿಸುತ್ತದೆ.

ಟೇಲರ್ ಸುರಪುರ ಬಿಟ್ಟ 1853ರಲ್ಲೇ ಸಾಲಾರ್ ಜಂಗ್ ಹೈದರಾಬಾದಿನ ದಿವಾನನಾದ. ಕಂದಾಯ ವಸೂಲಿಯನ್ನು ಗುತ್ತಿಗೆ ಹಿಡಿದವರನ್ನು ತೆಗೆದು ಸಂಬಳದ ಅಧಿಕಾರಿಗಳನ್ನು ತಂದ. ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಹುದ್ದೆ ನೌಕರಿಯಾಯಿತು. ಊರಿನ ಮಟ್ಟದಲ್ಲಿ ವತನವಾಗಿಯೇ ಉಳಿಯಿತು. ನಿಜಾಮರು ಹೋದರು, 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು, ಗುಮಾಸ್ತ ಬರೆಯುತ್ತಲೇ ಇದ್ದ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಯಾದ ಮೇಲೆ ವರ್ಗಾವಣೆಗೊಳ್ಳುವ, ಸಂಬಳದ ಗ್ರಾಮ ಲೆಕ್ಕಿಗ ಬಂದ. ವತನದಾರರಿಗೆ ಅಡ್ಡಹೆಸರು ಉಳಿಯಿತು. ಗುಮಾಸ್ತರಿಗೆ ಅದೂ ಇಲ್ಲ.

ಅಷ್ಟರಲ್ಲಿ ಈ ಸೀಮೆಯ ಸುಣ್ಣದ ಕಲ್ಲು ಬೇರೊಂದು ಕಾಲಮಾನವನ್ನು ತಂದಿತ್ತು. ಶಹಾಬಾದಿನ ಸಿಮೆಂಟ್ ಕಾರ್ಖಾನೆ, ನಂತರ ವಾಡಿಯದು, 1980ರ ದಶಕದಲ್ಲಿ ಸೇಡಂ ಮತ್ತು ಮಳಖೇಡದವು. ಭೋಂಗಾ ಊದಿದರೆ ಪಾಳಿ ಶುರು, ಮತ್ತೆ ಊದಿದರೆ ಮುಗಿಯಿತು. ಇಲ್ಲಿ ಮಾರಾಟವಾಗುವುದು ಗಂಟೆ. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಅದರ 60ನೇ ಕಲಂ, ಒಂದು ಕಾರ್ಖಾನೆಯಲ್ಲಿ ದುಡಿದವನನ್ನು ಅದೇ ದಿನ ಇನ್ನೊಂದು ಕಾರ್ಖಾನೆಯಲ್ಲಿ ದುಡಿಸಕೂಡದು ಎಂದಿತು. ಗಂಟೆಗಳಿಗೆ ಮಿತಿ ಹಾಕುವ ಅಧ್ಯಾಯದಲ್ಲೇ ಈ ಕಲಂ ಇತ್ತು. ಹದಿನಾರು ಗಂಟೆ ಯಂತ್ರದ ಮುಂದೆ ನಿಂತವನ ಕೈ ಬೆಲ್ಟಿಗೆ ಸಿಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿದೆ ಎಂದು ನಾನು ಓದಿಕೊಳ್ಳುತ್ತೇನೆ. ಎರಡು ಕೆಲಸದಿಂದ ಯಾರಿಗೆ ಕೇಡು ಎಂದರೆ ಅಂದಿನ ಕಾಯಿದೆಗೆ ಕಂಡದ್ದು ಕಾರ್ಮಿಕನ ಮೈ. 2022ರ ಚರ್ಚೆಯಲ್ಲಿ ಕಂಡದ್ದು ಕಂಪನಿಯ ಗುಟ್ಟು. ಪಾಳಿ ಮುಗಿಸಿ ಹೊಲಕ್ಕೆ ಹೋಗಿ ತೊಗರಿ ಕೊಯ್ದವನ ಬಗ್ಗೆ ಎರಡೂ ಕಾಲದಲ್ಲಿ ಯಾರೂ ಮಾತೆತ್ತಲಿಲ್ಲ, ಹೊಲದ ದುಡಿಮೆಯನ್ನು ಎರಡನೇ ನೌಕರಿಯೆಂದು ಲೆಕ್ಕ ಹಿಡಿಯುವವರೇ ಇರಲಿಲ್ಲವಲ್ಲ.

ಸಹಪಾಠಿಯ ಮೈ ಒಂದೂವರೆ ವರ್ಷ ತಾಳಿತು. ಹಗಲು ಒಂದು ಕಂಪನಿ, ಸಂಜೆಯಿಂದ ನಡುರಾತ್ರಿಯ ತನಕ ಇನ್ನೊಂದು. ನಿದ್ದೆ ಐದು ಗಂಟೆ. ಬಿಪಿ ಗುಳಿಗೆ ಶುರುವಾದಾಗ ಅವನಿಗೆ ಇಪ್ಪತ್ತೇಳು. ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಒಬ್ಬನಿಗೆ ಒಂದೇ ಆದ್ದರಿಂದ ಎರಡನೇ ಕೆಲಸ ಕಾಗದದ ಮೇಲೆ ಗುತ್ತಿಗೆಯದು. ನೌಕರಿ ಬಿಡಲು ಮನಸ್ಸಿಲ್ಲ; ತಂಗಿಯ ಮದುವೆಯ ಸಾಲ ಅರ್ಧ ತೀರಿತ್ತು. ಆಮೇಲೆ ಅವನು ದಾರಿ ಕಂಡುಕೊಂಡ. ಚಿತ್ತಾಪುರದ ಒಬ್ಬ ಹುಡುಗ, ಹೊಸದಾಗಿ ಇಂಜಿನಿಯರಿಂಗ್ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದವನು, ಈಗ ಎರಡನೇ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾನೆ. ಮೀಟಿಂಗಿನಲ್ಲಿ ಮಾತಾಡುವುದು ಇವನು, ಕೋಡ್ ಬರೆಯುವುದು ಅವನು. ಬರುವ ಪಗಾರದಲ್ಲಿ ಮೂರರಲ್ಲಿ ಒಂದು ಪಾಲು ಹುಡುಗನಿಗೆ.

ಕಳೆದ ಬಾರಿ ಸೇಡಂಗೆ ಹೋದಾಗ ಗುಮಾಸ್ತರ ಕಥೆಯನ್ನು ಇಬ್ಬರಿಗೂ ಹೇಳಿದೆ. ಸಹಪಾಠಿ ನಕ್ಕು, "ಹಂಗಾದ್ರ ನಾ ವತನದಾರ ಆದೆ ನೋಡು" ಎಂದ. ಹುಡುಗ ನಗಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಕಳಿಸಲು ಬಂದವನು ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಹತ್ತಿರ ಬಂದು ಕೇಳಿದ: "ಅಕ್ಕಾ, ಒಂದು ವರ್ಷ ಕೆಲಸ ಮಾಡೀನಿ. ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಯಾರು ಕೊಡ್ತಾರ್ರಿ?"